ಸೈಲೆನ್ಸರ್ ಬಿಚ್ಚಿದ ಚಳಿಗಾಲ

ಹೋದ ತಿಂಗಳು ಸಾಂಟಾ ಕ್ಲಾರಾದಲ್ಲಿ ತರಕಾರಿ ತೆಗೆದುಕೊಂಡು ಅಂಗಡಿಯಿಂದ ಹೊರಗೆ ಬಂದೆ. ನನ್ನ ಕಾರಿನ ಪಕ್ಕದಲ್ಲೇ ಒಂದು ಹಳೇ ಕಾರು ಸ್ಟಾರ್ಟ್ ಮಾಡಿಕೊಂಡು ನಿಂತಿತ್ತು. ಸೈಲೆನ್ಸರ್ ಎಲ್ಲೋ ಒಡೆದಿದೆ ಅಂತ ಶಬ್ದದಲ್ಲೇ ಗೊತ್ತಾಗುತ್ತಿತ್ತು. ಆ ಸುಟ್ಟ ಹೊಗೆಯ ಜೊತೆಗೆ ಕಾರಿನೊಳಗಿಂದ ಊದುಬತ್ತಿಯ ವಾಸನೆಯೂ ಬಂತು ನೋಡಿ, ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಹೋಗಿ ಕಿಟಕಿ ಬಡಿದೆ. ಒಳಗಿದ್ದ ಮನುಷ್ಯ ಗಾಬರಿಯಿಂದ ಗ್ಲಾಸ್ ಇಳಿಸಿದ. "ಈ ಕಾರಲ್ಲಿ ಮಕ್ಕಳನ್ನ ಕೂರಿಸ್ತೀರಾ?" ಅಂತ ಕನ್ನಡದಲ್ಲೇ ಕೇಳಿಬಿಟ್ಟೆ. ಆತ "ಎಕ್ಸ್‌ಕ್ಯೂಸ್ ಮಿ?" ಅಂದ. ಇಂಗ್ಲಿಷಿನಲ್ಲಿ ಇನ್ನೊಂದು ಸಲ ಕೇಳಿದೆ. ಹುಚ್ಚಿಯನ್ನು ನೋಡುವ ಹಾಗೆ ನೋಡಿ, ಗ್ಲಾಸ್ ಏರಿಸಿಕೊಂಡು ಹೊರಟುಹೋದ.

ಹುಚ್ಚಿಯೇ ಸರಿ. ಈ ವಿಷಯಕ್ಕೆ ನನ್ನ ಸಿಟ್ಟು ಇಷ್ಟು ವರ್ಷವಾದರೂ ಇಳಿದಿಲ್ಲ, ಇಳಿಸಿಕೊಳ್ಳುವ ಆಸೆಯೂ ಇಲ್ಲ.

ಅದು ಡಾಟ್‌ಕಾಮ್ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಚಳಿಗಾಲ. ನಮ್ಮ ಅಪಾರ್ಟ್‌ಮೆಂಟಿನ ಕಸದ ಡಬ್ಬಗಳ ಪಕ್ಕದಲ್ಲಿ ಪ್ರತಿ ವಾರ ಯಾರದೋ ಸೋಫಾ, ಯಾರದೋ ಹಾಸಿಗೆ ಮಳೆಯಲ್ಲಿ ನೆನೆಯುತ್ತಾ ಬಿದ್ದಿರುತ್ತಿತ್ತು. ಊರಿಗೆ ಹೊರಟವರು ಬಿಟ್ಟುಹೋದದ್ದು. ನನ್ನ ಗಂಡ ನಾಗರಾಜು (ಮನೆಯಲ್ಲಿ 'ಇವರು' ಅನ್ನುವುದು ರೂಢಿ, ಇಲ್ಲೂ ಹಾಗೇ ಬರೆಯುತ್ತೇನೆ) ಆಗ ಬೆಂಚಿನ ಮೇಲಿದ್ದರು. ಅಂದರೆ ಕನ್ಸಲ್ಟೆನ್ಸಿಯವರ ಲೆಕ್ಕದಲ್ಲಿ ನೌಕರ, ಮಾಡಲು ಪ್ರಾಜೆಕ್ಟು ಇಲ್ಲ. ಆ ಕನ್ಸಲ್ಟೆನ್ಸಿ ಡ್ಯಾನ್‌ವಿಲ್‌ನ ಪುಟ್ಟಸ್ವಾಮಿಯವರದು. ಮಂಡ್ಯದ ಕಡೆಯವರು, ನಮ್ಮವರು, ಎಲ್ಲರ ಬಾಯಲ್ಲಿ ಸ್ವಾಮಣ್ಣ. ಇವರ ವೀಸಾದ ಕಾಗದ ಪತ್ರವೆಲ್ಲ ಸ್ವಾಮಣ್ಣನ ಕೈಯಲ್ಲಿ. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗೇ ಇರಲಿಲ್ಲ. ಮದುವೆಗೆ ಮುಂಚೆ ನಾನು ಆಟೋಮೊಬೈಲ್ ಡಿಪ್ಲೊಮಾ ಮುಗಿಸಿ ಮಂಡ್ಯದಲ್ಲಿ ಬಸ್ ಡಿಪೋ ವರ್ಕ್‌ಶಾಪಿನಲ್ಲಿ ಒಂದು ವರ್ಷ ಅಪ್ರೆಂಟಿಸ್ ಆಗಿದ್ದವಳು. ಇಲ್ಲಿ ಬಂದು ಮೂರು ವರ್ಷದ ಮಗಳು ಸ್ಫೂರ್ತಿಯನ್ನು ನೋಡಿಕೊಂಡು ಚಪಾತಿ ಲಟ್ಟಿಸುತ್ತಿದ್ದೆ. ಮುಂದೆ ನಡೆದದ್ದನ್ನು ಓದುವಾಗ ನನ್ನ ಆ ಡಿಪ್ಲೊಮಾ ನೆನಪಿರಲಿ, ಯಾಕೆಂದರೆ ನನಗೆ ನೆನಪಿರಲಿಲ್ಲ.

ಕಾರು ಕೊಟ್ಟದ್ದು ಸ್ವಾಮಣ್ಣನೇ. ಹದಿಮೂರು ವರ್ಷ ಹಳೆಯದು, ಕುಂಕುಮದ ಬಣ್ಣ. ಇವರು ಒಬ್ಬರೇ ಡ್ಯಾನ್‌ವಿಲ್‌ಗೆ ಹೋಗಿ, ಶನಿವಾರ ಇಡೀ ದಿನ ಅಲ್ಲೇ ಇದ್ದು ಸಾಯಂಕಾಲ ಕಾರು ಓಡಿಸಿಕೊಂಡು ಬಂದರು. ಬಾನೆಟ್ಟಿಗೆ ಹೂವಿನ ಹಾರ, ಗ್ಲಾಸಿಗೆ ಅರಿಶಿನ ಕುಂಕುಮ. "ಮೆಕ್ಯಾನಿಕ್ ಹತ್ರ ತೋರಿಸಿದ್ರಾ?" ಅಂತ ಕೇಳಿದೆ. "ನಮ್ಮವರ ಕಾರು ಕಣೇ, ಅವರ ಮುಂದೆ ಮೆಕ್ಯಾನಿಕ್‌ನ ಕರ್ಕೊಂಡು ಬಂದ್ರೆ ಏನ್ ಅಂದ್ಕೊಳ್ತಾರೆ?" ಅಂದರು. ಅದೂ ನಿಜವೇ ಅನ್ನಿಸಿತು. ಬೇರೆಯವರ ಕಾರಾಗಿದ್ದರೆ ನಾನೇ ಕೆಳಗೆ ಮಲಗಿ ನೋಡುತ್ತಿದ್ದೆ. ನಮ್ಮವರದು ಅಂತ ಆರತಿ ಎತ್ತಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಸುಮ್ಮನಾದೆ.

ಪ್ರತಿ ಭಾನುವಾರ ಸ್ವಾಮಣ್ಣನ ಮನೆಯಲ್ಲಿ ಭಜನೆ, ಊಟ. ಬೆಂಚಿನಲ್ಲಿದ್ದವರು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಸಾಂಟಾ ಕ್ಲಾರಾದಿಂದ ಡ್ಯಾನ್‌ವಿಲ್‌ಗೆ ಫ್ರೀವೇಯಲ್ಲಿ ಮುಕ್ಕಾಲು ಗಂಟೆ, ಮಳೆ ಬಂದರೆ ಒಂದೂಕಾಲು. ಎರಡನೇ ವಾರದಿಂದಲೇ ಸ್ಫೂರ್ತಿಗೆ ಕಾರಿನಲ್ಲಿ ವಾಂತಿ ಶುರುವಾಯಿತು. ಮೊದಲು ಮಂಕಾಗುತ್ತಿದ್ದಳು, "ತಲೆ ಓವು" ಅನ್ನುತ್ತಿದ್ದಳು, ಆಮೇಲೆ ವಾಂತಿ, ಆಮೇಲೆ ನಿದ್ದೆ. ಮನೆಗೆ ಬಂದು ಒಂದೆರಡು ಗಂಟೆಯಲ್ಲಿ ಮತ್ತೆ ಕುಣಿಯುತ್ತಿದ್ದಳು. ನನಗೂ ತಲೆ ಸಿಡಿಯುತ್ತಿತ್ತು. ಭಜನೆ ಕೇಳಿ ಬಂದ ತಲೆನೋವು ಅಂದುಕೊಳ್ಳುತ್ತಿದ್ದೆ.

ನಾನೇನು ಮಾಡಿದೆ ಗೊತ್ತೇ? ಮಗುವಿಗೆ ಥಂಡಿ ಗಾಳಿ ತಗುಲಿದೆ ಅಂತ ತೀರ್ಮಾನ ಮಾಡಿದೆ. ಊರಿನಿಂದ ತಂದಿದ್ದ ಮಂಕಿ ಟೋಪಿ ಹಾಕಿದೆ, ಕಿವಿಗೆ ಹತ್ತಿ ಇಟ್ಟೆ, ಕಾಲಿಗೆ ಎರಡು ಜೊತೆ ಸಾಕ್ಸ್. ಇವರು ಕಾರು ಹತ್ತಿದ ಕೂಡಲೇ ತಮ್ಮ ಕಡೆಯ ಕಿಟಕಿ ನಾಲ್ಕು ಬೆರಳು ಇಳಿಸುತ್ತಿದ್ದರು. ನಾನು "ಮಗು ಮೂಗು ಕೆಂಪಾಗಿದೆ, ಕಣ್ಣು ಕಾಣ್ಸಲ್ವಾ ನಿಮಗೆ?" ಅಂತ ಕೂಗಿ, ಕೈ ಚಾಚಿ ಹ್ಯಾಂಡಲ್ ತಿರುಗಿಸಿ ಏರಿಸುತ್ತಿದ್ದೆ. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಇಳಿಸುತ್ತಿದ್ದರು. ಮತ್ತೆ ಏರಿಸುತ್ತಿದ್ದೆ. "ಒಂಚೂರು ಗಾಳಿ ಬರ್ಲಿ ಬಿಡೇ" ಅನ್ನುತ್ತಿದ್ದರು, ಅಷ್ಟೇ. ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ. ವಾಂತಿಯ ವಾಸನೆ ಹೋಗಲಿ ಅಂತ ನಾನು ಕಾರಿನೊಳಗೆ ಊದುಬತ್ತಿ ಹಚ್ಚುತ್ತಿದ್ದೆ. ಹೊಗೆಯ ವಾಸನೆ ಏನಾದರೂ ಇದ್ದಿದ್ದರೆ ಅದನ್ನೂ ಮುಚ್ಚಿದವಳು ನಾನೇ.

ಊರಿಗೆ ಫೋನ್ ಕಾರ್ಡ್ ಹಾಕಿ ಮಾತಾಡಿದಾಗ ಅತ್ತೆ, "ದೃಷ್ಟಿ ಆಗೈತೆ ಕಣವ್ವ, ಉಪ್ಪು ಮೆಣಸಿನಕಾಯಿ ನಿವಾಳ್ಸಿ ಒಲೆಗಾಕು" ಅಂದರು. ಇಲ್ಲಿ ಒಲೆ ಎಲ್ಲಿದೆ? ಕರೆಂಟಿನ ಕಾಯಿಲ್ ಮೇಲೆ ಮೆಣಸಿನಕಾಯಿ ಹಾಕಿದೆ. ಅಡುಗೆಮನೆಯ ಹೊಗೆ ಅಲಾರಂ ಕಿರುಚಿಕೊಂಡು, ಅಪಾರ್ಟ್‌ಮೆಂಟ್ ಮ್ಯಾನೇಜರ್ ಓಡಿಬಂದು, ನಾವೆಲ್ಲ ಕೆಮ್ಮಿ ಕೆಮ್ಮಿ ಸತ್ತೆವು. ಮೆಣಸಿನಕಾಯಿಯ ಹೊಗೆಗೆ ಅಲಾರಂ ಇತ್ತು. ಮಗು ಪ್ರತಿ ಭಾನುವಾರ ಕುಡಿಯುತ್ತಿದ್ದ ಹೊಗೆಗೆ ಯಾವ ಅಲಾರಮ್ಮೂ ಇರಲಿಲ್ಲ.

ಫೆಬ್ರವರಿಯ ಒಂದು ಭಾನುವಾರ ಭಜನೆ ಮುಗಿಸಿ ವಾಪಸ್ಸು ಬರುತ್ತಿದ್ದೆವು. ಮಧ್ಯಾಹ್ನ ಮೂರು ಗಂಟೆ, ಧೋ ಅಂತ ಮಳೆ. ಮುಂದೆಲ್ಲೋ ಲಾರಿ ಮಗುಚಿ ಫ್ರೀವೇಯಲ್ಲಿ ಒಂದು ಗಂಟೆ ನಿಂತಲ್ಲೇ ನಿಂತೆವು. ಎಂಜಿನ್ ಓಡುತ್ತಲೇ ಇತ್ತು, ಹೀಟರ್ ಹಾಕಿತ್ತು, ಕಿಟಕಿ ಪೂರ್ತಿ ಏರಿಸಿತ್ತು. ಇವರು ಎರಡು ಸಲ ಇಳಿಸಿದರು. ಎರಡನೇ ಸಲ ನಾನು, "ಮಳೆ ಒಳಗೆ ಹೊಡೀತಿದೆ, ಮಗು ಸಾಯ್ಬೇಕಾ?" ಅಂತ ಕೂಗಿ ಏರಿಸಿದೆ. ಆ ಮಾತು ನನ್ನ ಬಾಯಿಂದ ಬಂದದ್ದು. ಟ್ರಾಫಿಕ್ ಬಿಟ್ಟ ಮೇಲೆ ಹಿಂದೆ ತಿರುಗಿ ನೋಡಿದರೆ ಸ್ಫೂರ್ತಿಯ ಕತ್ತು ಪಕ್ಕಕ್ಕೆ ವಾಲಿತ್ತು. ಕೆನ್ನೆ ತಟ್ಟಿದೆ, ಕೂಗಿದೆ, ಅಲುಗಾಡಿಸಿದೆ. ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನಮ್ಮ ಮೂವರ ಮುಖವನ್ನೂ ನೋಡಿ ಕೇಳಿದ ಮೊದಲನೇ ಪ್ರಶ್ನೆ, ನಿಮಗೂ ತಲೆ ನೋಯುತ್ತಿದೆಯಾ? ಎರಡನೆಯದು, ಯಾವ ಕಾರಿನಲ್ಲಿ ಬಂದಿರಿ? ರಕ್ತ ಪರೀಕ್ಷೆ ಮಾಡಿದರು. ಕಾರ್ಬನ್ ಮೊನಾಕ್ಸೈಡು. ಸೈಲೆನ್ಸರ್ ಪೈಪು ಎಲ್ಲೋ ಒಡೆದು ವಿಷದ ಗಾಳಿ ಕಾರಿನೊಳಗೆ ಸೇರುತ್ತಿರಬೇಕು, ಇನ್ನೊಂದರ್ಧ ಗಂಟೆ ತಡವಾಗಿದ್ದರೆ ನಿಮ್ಮ ಹತ್ತಿರ ನಾನು ಬೇರೆ ಮಾತಾಡಬೇಕಿತ್ತು ಅಂದರು. ನನ್ನ ಮಗಳ ಅಂಗೈಯಗಲದ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿ ಐದು ಗಂಟೆ ಮಲಗಿಸಿದರು. ಡಾಕ್ಟರಮ್ಮ ಕಾರಿನ ಹೆಸರೆತ್ತಿದಾಗ ಇವರು ಗೋಡೆ ನೋಡುತ್ತಾ ನಿಂತಿದ್ದರು. ಪಾಪ, ಗಂಡಸು, ಹೆದರಿದ್ದಾರೆ ಅಂದುಕೊಂಡೆ. ನಾನು ಬಸ್ಸಿನ ಹೊಗೆಯಲ್ಲೇ ಕೆಲಸ ಕಲಿತವಳು, ಒಡೆದ ಪೈಪಿನ ಶಬ್ದ ಗೊತ್ತಿದ್ದವಳು. ಹಾಗಿದ್ದೂ ಮಂಕಿ ಟೋಪಿ ಹಾಕಿ ಕೂರಿಸಿದ್ದೆನಲ್ಲ! ಅಲ್ಲೇ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಮಗುವನ್ನು ಟ್ಯಾಕ್ಸಿಯಲ್ಲಿ ಮನೆಗೆ ತಂದೆ. ಕಾರನ್ನು ಇವರು ನಾಲ್ಕೂ ಕಿಟಕಿ ಇಳಿಸಿಕೊಂಡು ಒಬ್ಬರೇ ತಂದರು. ಸ್ವಾಮಣ್ಣ ಫೋನಿನಲ್ಲಿ "ಅಯ್ಯೋ ದೇವ್ರೇ, ಯಾರನ್ನಾದ್ರೂ ಕಳಿಸ್ತೀನಿ" ಅಂದವರು ಯಾರನ್ನೂ ಕಳಿಸಲಿಲ್ಲ. ಗ್ಯಾರೇಜಿನವನು ಕಾರಿನ ಬೆಲೆಗಿಂತ ಹೆಚ್ಚು ಕೇಳಿದ. ನಾನೇ ಹಾಕುತ್ತೇನೆ ಅಂದೆ. "ಹೆಂಗಸು ಕಾರಿನ ಕೆಳಗೆ ಮಲಗಿದ್ರೆ ನೋಡಿದವರು ಏನಂತಾರೆ ಸುಜಾತಾ?" ಅಂದರು ಇವರು. "ಮಗು ಆಸ್ಪತ್ರೇಲಿ ಮಲಗಿದ್ದಾಗ ಏನೂ ಅನ್ಲಿಲ್ವಲ್ಲ, ಈಗ ಅನ್ಲಿ ಬಿಡಿ" ಅಂದೆ.

ಅಪಾರ್ಟ್‌ಮೆಂಟಿನಲ್ಲಿ ಕಾರು ರಿಪೇರಿ ಮಾಡುವ ಹಾಗಿರಲಿಲ್ಲ. ಕಾಂಪೌಂಡ್ ಗೋಡೆಯಾಚೆಯ ಮನೆಯ ಅರ್ನೆಸ್ಟೋ, ಓಕ್ಲ್ಯಾಂಡ್ ಬಂದರಿನಲ್ಲಿ ಲಾರಿ ರಿಪೇರಿ ಮಾಡಿ ನಿವೃತ್ತನಾದ ಮುದುಕ, ಕಾರು ನಿಲ್ಲಿಸುವ ತನ್ನ ಮನೆಮುಂದಿನ ಡ್ರೈವ್‌ವೇ ಕೊಟ್ಟ. ಜಾಕು, ಸ್ಟ್ಯಾಂಡು, ಸ್ಪ್ಯಾನರ್ ಎಲ್ಲ ಅವನದೇ. ಮುಂದಿನ ಪೈಪು, ನಡುವಿನ ಪೈಪು, ಹೊಗೆ ಶುದ್ಧಿ ಮಾಡುವ ಡಬ್ಬ, ಹಿಂದಿನ ಸೈಲೆನ್ಸರ್, ಪ್ಯಾಕಿಂಗು, ಕ್ಲಾಂಪುಗಳನ್ನು ಬಿಡಿಭಾಗದ ಅಂಗಡಿಯಿಂದ ತಂದೆವು. ನಾನು ಸೀರೆ ಪೆಟ್ಟಿಕೋಟು ಬಿಟ್ಟು ಇವರ ಹಳೇ ಪ್ಯಾಂಟು ಹಾಕಿಕೊಂಡು ಕೆಳಗೆ ಮಲಗಿದೆ. ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಒಂದು ದಿನ ಬಿಟ್ಟಿದ್ದೆ. ಆದರೂ ಮುಂದಿನ ಮೂರರಲ್ಲಿ ಒಂದು ಬೋಲ್ಟು ಮುರಿದೇಹೋಯಿತು. ಅರ್ನೆಸ್ಟೋ ಬಗ್ಗಿ, "ಸಿಟ್ಟಲ್ಲಿ ತಿರುಗಿಸಬೇಡ ಮಗಳೇ, ಮುಂದೆ ಸ್ವಲ್ಪ, ಹಿಂದೆ ಸ್ವಲ್ಪ" ಅಂದ. ಸಿಟ್ಟು ಬಿಟ್ಟು ಬೇರೇನೂ ನನ್ನ ಕೈಯಲ್ಲಿ ಇರಲಿಲ್ಲ. ಮುರಿದದ್ದನ್ನು ಡ್ರಿಲ್ ಮಾಡಿ ತೆಗೆಯಲು ಅರ್ಧ ದಿನ ಹಿಡಿಯಿತು. ತುಕ್ಕಿನ ಪುಡಿ ಕಣ್ಣಿಗೆ, ಬಾಯಿಗೆ ಬೀಳುತ್ತಿತ್ತು.

ಆಮೇಲೆ ನಡುವಿನ ಪೈಪಿಗೆ ಬಂದೆ. ಸರಿಯಾಗಿ ಹಿಂದಿನ ಸೀಟಿನ ಕೆಳಗೆ, ಪೈಪಿನ ಸುತ್ತ ಯಾರೋ ಸ್ಟೀಲಿನ ತಗಡು ಸುತ್ತಿ, ಎರಡು ಕ್ಲಾಂಪು ಬಿಗಿದು, ಅಂಚಿಗೆ ಗಾರೆಯಂಥದ್ದು ಮೆತ್ತಿದ್ದರು. ಗಾರೆ ಉದುರಿ, ಒಳಗಿನ ತೂತು ನನ್ನ ಹೆಬ್ಬೆರಳು ಹೋಗುವಷ್ಟು ದೊಡ್ಡದಾಗಿತ್ತು. ಅದರ ನೇರ ಮೇಲೆ ಕಾರಿನ ತಳದಲ್ಲಿ ಮುಚ್ಚಬೇಕಿದ್ದ ರಬ್ಬರ್ ಬಿರಡೆ ಇರಲಿಲ್ಲ. ಹೊಗೆ ಸೀದಾ ನನ್ನ ಮಗಳ ಸೀಟಿನ ಕೆಳಕ್ಕೆ. ತಗಡನ್ನು ಬಟ್ಟೆಯಲ್ಲಿ ಒರೆಸಿದೆ. ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ ಕಂಡವು. ಕನ್ನಡ! "...ಪುಟ್ಟಸ್ವಾಮಿಯವರ ಗೃಹಪ್ರವೇಶದ ನೆನ..." ಅಂತ ಇತ್ತು, ಉಳಿದದ್ದು ಕತ್ತರಿಸಿಹೋಗಿತ್ತು. ಸ್ವಾಮಣ್ಣ ಡ್ಯಾನ್‌ವಿಲ್ ಮನೆಯ ಗೃಹಪ್ರವೇಶಕ್ಕೆ ಊರಿನಲ್ಲಿ ಹೆಸರು ಕೊರೆಸಿ, ಸೂಟ್‌ಕೇಸ್‌ಗಟ್ಟಲೆ ತರಿಸಿ, ಬಂದವರಿಗೆಲ್ಲ ಹಂಚಿದ ಸ್ಟೀಲ್ ಡಬ್ಬಿ, ಅದನ್ನೇ ಕತ್ತರಿಸಿ ಸುತ್ತಿದ್ದರು.

ಗೊತ್ತಿತ್ತು ಹಾಗಾದರೆ! ತೂತಿರುವುದು ಗೊತ್ತಿದ್ದೇ, ತೇಪೆ ಹಾಕಿ, ಹೂವಿನ ಹಾರ ಹಾಕಿ, ಕೂಸಿರುವ ಮನೆಗೆ ಕೊಟ್ಟಿದ್ದಾನೆ ಈ ಮಹಾನುಭಾವ. ಅವನ ಭಜನೆಗೆ ಬೆಂಕಿ ಹಾಕ. ಮಸಿ ಕೈಯಲ್ಲೇ ಅರ್ನೆಸ್ಟೋನ ಅಡುಗೆಮನೆಗೆ ಹೋಗಿ ಫೋನ್ ಮಾಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಸ್ವಾಮಣ್ಣ ಪೂರ್ತಿ ಕೇಳಿಸಿಕೊಂಡು, ತಣ್ಣಗೆ ಮಾತಾಡಿದರು.

"ಯಾಕವ್ವಾ ಹಿಂಗೆ ಬಾಯಿ ಮಾಡ್ತೀಯ? ನಾನೇನು ಕದ್ದುಮುಚ್ಚಿ ಮಾಡಿದ್ನಾ? ನನ್ ಗ್ಯಾರೇಜಲ್ಲಿ ನಿನ್ ಗಂಡನೇ ಕೂತು ತಗಡು ಸುತ್ತಿದ್ದು. ಕಿಟ್ಕಿ ಇಳ್ಸಿ ಓಡ್ಸಪ್ಪಾ, ಪ್ರಾಜೆಕ್ಟು ಸಿಕ್ಮೇಲೆ ಹೊಸಾದು ಹಾಕ್ಸು ಅಂತ ಹೇಳೇ ಕೊಟ್ಟಿವ್ನಿ. ಹೇಳ್ನಿಲ್ವಾ ಅವ್ನು?"

ಫೋನ್ ಇಟ್ಟು ಹೊರಗೆ ಬಂದೆ. ಇವರು ಡ್ರೈವ್‌ವೇಯಲ್ಲಿ ನಿಂತಿದ್ದರು, ನನಗೆ ಅಂತ ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು.

"ರೀ, ಆ ತಗಡು ಸುತ್ತಿದ್ದು ನೀವಾ?"

ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ನಿಂತರು. "ಹೇಳೋಣ ಅಂತಿದ್ದೆ."

"ಯಾವಾಗ ಹೇಳೋಣ ಅಂತಿದ್ರಿ? ತಿಥಿ ಮಾಡೋವಾಗ್ಲಾ?"

"ಹಂಗನ್ಬೇಡ ಸುಜಾತಾ. ಹೇಳಿದ್ರೆ ನೀನು ಕಾರ್ ಬೇಡ ಅಂತಿದ್ದೆ, ಸ್ವಾಮಣ್ಣನ ಜೊತೆ ಜಗಳಕ್ಕೆ ಹೋಗ್ತಿದ್ದೆ. ನಾನು ಬೆಂಚಲ್ಲಿ ಕೂತವನು. ಅವರು ವೀಸಾ ಆಫೀಸಿಗೆ ಒಂದು ಲೆಟರ್ ಹಾಕಿದ್ರೆ ಗಂಟುಮೂಟೆ ಕಟ್ಬೇಕಿತ್ತು. ಕಿಟಕಿ ಇಳಿಸಿದ್ರೆ ಸಾಕು ಅಂದ್ಕೊಂಡೆ."

"ನಾನು ಏರಿಸ್ತಿದ್ನಲ್ರೀ! ಪ್ರತಿ ಸಲ ಏರಿಸ್ತಿದ್ದೆ! ಏರಿಸ್ಬೇಡ, ವಿಷ ಬರ್ತಿದೆ ಅಂತ ಒಂದು ಮಾತು ಬಾಯಲ್ಲಿ ಬರ್ಲಿಲ್ವಾ ನಿಮಗೆ?"

"ನೀನು ಕೂಗಾಡ್ತಿದ್ದೆ. ನಾನು ಸುಮ್ನಾದೆ."

ಕೈಯಲ್ಲಿದ್ದ ಸ್ಪ್ಯಾನರ್ ಎಸೆದೆ. ಇವರಿಗೆ ತಾಗಲಿಲ್ಲ, ಅರ್ನೆಸ್ಟೋನ ಕಸದ ಡಬ್ಬಕ್ಕೆ ತಾಗಿ ಡೊಂಕು ಬಿತ್ತು. ಭಾಷೆ ತಿಳಿಯದಿದ್ದರೂ ಮುದುಕನಿಗೆ ಎಲ್ಲ ತಿಳಿಯಿತು ಅಂತ ಕಾಣುತ್ತದೆ. ಅಲ್ಲೇ ಆಡುತ್ತಿದ್ದ ಸ್ಫೂರ್ತಿಯನ್ನು ಎತ್ತಿಕೊಂಡು ಒಳಗೆ ಹೋದ. ನಾನು ಇವರ ಮುಖ ನೋಡಿದೆ. ಕೆಟ್ಟವರಲ್ಲ. ಕುಡಿತ ಇಲ್ಲ, ಹೊಡೆತ ಇಲ್ಲ, ಒಂದು ಕೆಟ್ಟ ಮಾತಿಲ್ಲ. ಎಂಥ ಒಳ್ಳೆಯ ಹುಡುಗ ಅಂತ ನಮ್ಮಪ್ಪ ಹುಡುಕಿ ತಂದ ಗಂಡು. ಆ ಒಳ್ಳೆಯತನ ನನ್ನ ಮಗಳನ್ನು ಕೊಲ್ಲುತ್ತಿತ್ತು. ಇನ್ನು ನನ್ನದೋ, ನನ್ನ ಬಾಯಿ. ಮನೆಯಲ್ಲಿ ಇನ್ನೊಬ್ಬರಿಗೆ ಬಾಯಿ ಬಿಡಲು ಜಾಗವಿಲ್ಲದ ಹಾಗೆ ಮಾತಾಡುವ ಬಾಯಿ. ಇವರು ಮುಚ್ಚಿಟ್ಟರು, ನಾನು ಕಿಟಕಿ ಮುಚ್ಚಿದೆ. ಇಬ್ಬರೂ ಸೇರಿ ಮಾಡಿದ ಕೆಲಸ ಅದು. ಅಂದು ಅದನ್ನು ಒಪ್ಪಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಸ್ಪ್ಯಾನರ್ ಎತ್ತಿಕೊಂಡು ಮತ್ತೆ ಕಾರಿನ ಕೆಳಗೆ ಮಲಗಿದೆ.

ಹಳೇ ಪೈಪನ್ನು ಗರಗಸದಲ್ಲಿ ಕೊಯ್ದು ಎಳೆದು ಹಾಕಿದೆ. ಹೊಸ ಸೈಲೆನ್ಸರನ್ನು ತೂಗುಹಾಕುವ ರಬ್ಬರ್ ಬಳೆಗಳಿಗೆ ಸೋಪು ನೀರು ಹಚ್ಚಿ ಸೇರಿಸಿದೆ. ಎಲ್ಲ ಕೀಲುಗಳನ್ನೂ ಸಡಿಲವಾಗಿ ಕೂರಿಸಿ, ಪೈಪು ಎಲ್ಲೂ ತಳಕ್ಕೆ ತಾಗದ ಹಾಗೆ ನೇರ ಮಾಡಿ, ಮುಂದಿನಿಂದ ಹಿಂದಕ್ಕೆ ಒಂದೊಂದಾಗಿ ಬಿಗಿದೆ. ತಳದ ತೂತಿಗೆ ಹೊಸ ಬಿರಡೆ ಹಾಕಿದೆ. ಅರ್ನೆಸ್ಟೋ ಎಂಜಿನ್ ಸ್ಟಾರ್ಟ್ ಮಾಡಿ, ಹಿಂದಿನ ಕೊಳವೆಯ ಬಾಯಿಗೆ ದಪ್ಪ ಬಟ್ಟೆ ಒತ್ತಿ ಹಿಡಿದ. ಎಲ್ಲಾದರೂ ಸೋರುತ್ತಿದ್ದರೆ ಅಲ್ಲಿ ಸುಯ್ ಅನ್ನುತ್ತದೆ. ನಾನು ಪ್ರತಿ ಕೀಲಿಗೂ ಕಿವಿ ಕೊಟ್ಟು ಕೇಳಿದೆ. ಒಂದು ಕಡೆ ಸುಯ್ ಅಂದಿತು. ಬಿಚ್ಚಿ, ಪ್ಯಾಕಿಂಗ್ ತಿರುಗಿಸಿ ಕೂರಿಸಿ, ಮತ್ತೆ ಬಿಗಿದೆ. ಮೂರು ಸಲ ಪರೀಕ್ಷೆ ಮಾಡಿಸಿದೆ. ನಾಲ್ಕನೇ ಸಲಕ್ಕೆ ಅರ್ನೆಸ್ಟೋ "ಸಾಕು ಮಗಳೇ, ಈಗ ಕಾರು ಸರಿ ಇದೆ" ಅಂದ.

ಅಂಗಡಿಯಿಂದ ವಿಷದ ಗಾಳಿ ಇದ್ದರೆ ಕೂಗುವ ಚಿಕ್ಕ ಯಂತ್ರ ತಂದು ಹಿಂದಿನ ಸೀಟಿನಲ್ಲಿಟ್ಟೆ. ಮಗುವನ್ನು ಅರ್ನೆಸ್ಟೋ ಹತ್ತಿರ ಬಿಟ್ಟು, ಇವರಿಗೆ "ಹಿಂದೆ ಕೂತ್ಕೊಳ್ಳಿ, ಅವಳ ಪಕ್ಕದ ಜಾಗದಲ್ಲಿ" ಅಂದೆ. ಕೂತರು. ನಾಲ್ಕೂ ಕಿಟಕಿ ಏರಿಸಿ ಫ್ರೀವೇಯಲ್ಲಿ ಒಂದು ಗಂಟೆ ನಾನೇ ಓಡಿಸಿದೆ. ಯಂತ್ರ ಸದ್ದು ಮಾಡಲಿಲ್ಲ. ಡ್ಯಾನ್‌ವಿಲ್‌ನ ತಿರುವು ಬಂದಾಗ ಇವರು ಹಿಂದಿನಿಂದ, "ಇನ್ಮೇಲೆ ಇಲ್ಲಿಗೆ ಬರೋದು ಬೇಡ" ಅಂದರು. ನಾನು ತಿರುಗಿಸದೆ ನೇರಕ್ಕೆ ಓಡಿಸಿದೆ. ಆಮೇಲೆ ನಾವು ಹೋಗಲಿಲ್ಲ. ಇವರು ಹೆದರಿದ್ದ ಹಾಗೇ ಆಯಿತು, ಸ್ವಾಮಣ್ಣ ಇವರ ವೀಸಾದ ಕಾಗದ ಪತ್ರ ನಿಲ್ಲಿಸಿದರು. ಒಂದೂವರೆ ತಿಂಗಳು ನೀರಿಲ್ಲದ ಮೀನಿನ ಹಾಗೆ ಒದ್ದಾಡಿದ ಮೇಲೆ ಬೇರೆ ಕಂಪನಿ ಸಿಕ್ಕಿತು. ಊರಿಗೆ ಕಳಿಸಿದ್ದರೂ ಹೋಗುತ್ತಿದ್ದೆವು. ಮಗಳನ್ನು ಕರೆದುಕೊಂಡೇ ಹೋಗುತ್ತಿದ್ದೆವಲ್ಲ.

ಆ ಕಾರಿನಲ್ಲಿ ಸ್ಫೂರ್ತಿಯನ್ನು ಮತ್ತೆ ಕೂರಿಸಿದ್ದು ಮಾರನೆಯ ದಿನ. ಮಳೆ ನಿಂತು ಬಿಸಿಲು ಬಂದಿತ್ತು. ಟೋಪಿ ಇಲ್ಲ, ಹತ್ತಿ ಇಲ್ಲ. ಪಾರ್ಕಿಗೆ ಹೋಗೋಣ ಅಂತ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದೆ. ಇವರು ಮುಂದೆ ಕೂತಿದ್ದರು. ಅವಳು ನನ್ನ ಕಡೆ ಕೈ ಚಾಚಿದಳು.

"ಅಮ್ಮಾ, ಕವರ್ ಪ್ಲೀಸ್."

ವಾಂತಿಗೆ ಅಂತ ನಾನು ಇಡುತ್ತಿದ್ದ ಪ್ಲಾಸ್ಟಿಕ್ ಕವರು. ಮುಖದಲ್ಲಿ ಹೆದರಿಕೆಯಿಲ್ಲ, ಅಳುವಿಲ್ಲ. ಕಾರು ಹತ್ತಿದರೆ ಬೆಲ್ಟು ಹಾಕಿಕೊಳ್ಳಬೇಕು, ಕವರು ಹಿಡಿದುಕೊಳ್ಳಬೇಕು, ಆಮೇಲೆ ಕಣ್ಣು ಕತ್ತಲೆಯಾಗಬೇಕು. ಕಾರು ಅಂದರೆ ಅದೇ ಅಂತ ಮಗು ಕಲಿತುಬಿಟ್ಟಿತ್ತು.

"ಬೇಡ ಪುಟ್ಟಾ, ಇನ್ಮೇಲೆ ವಾಂತಿ ಬರಲ್ಲ. ಅಮ್ಮ ಸರಿ ಮಾಡಿದ್ದೀನಿ."

"ನೋ, ಐ ನೀಡ್ ಇಟ್. ಕವರ್ ಕೊಡು."

ಇವರು ಸ್ಟಿಯರಿಂಗ್ ಮೇಲೆ ತಲೆ ಇಟ್ಟು ಬಿಕ್ಕಿ ಬಿಕ್ಕಿ ಅತ್ತರು. ನಾನು ಅವರ ಬೆನ್ನು ಮುಟ್ಟಲಿಲ್ಲ. ಮನೆಯೊಳಕ್ಕೆ ಹೋಗಿ ಕವರು ತಂದು ಮಗಳ ಕೈಗೆ ಕೊಟ್ಟೆ. ಎರಡು ಕೈಯಲ್ಲೂ ಬಾಯಿ ಅಗಲಿಸಿ ತೊಡೆಯ ಮೇಲೆ ಇಟ್ಟುಕೊಂಡು, "ಓಕೆ, ಹೋಗೋಣ" ಅಂದಳು. ದೀಪಾವಳಿಯವರೆಗೂ ಅವಳು ಆ ಕವರಿಲ್ಲದೆ ಕಾರು ಹತ್ತಲಿಲ್ಲ.